ಕತ್ತರಿ ಕೆಳಗಿಡಿ

ಹಕ್ಕಿಯ ರೆಕ್ಕೆ ಕತ್ತರಿಸಲು ಹೆಚ್ಚು ಹೊತ್ತು ಬೇಡ. ಒಬ್ಬರು ಟವೆಲಿನಲ್ಲಿ ಸುತ್ತಿ ಹಿಡಿಯುತ್ತಾರೆ. ಇನ್ನೊಬ್ಬರು ರೆಕ್ಕೆಯನ್ನು ಅಗಲಿಸಿ ತುದಿಯ ಐದಾರು ಉದ್ದ ಗರಿಗಳನ್ನು ಕತ್ತರಿಸಿ ಬಿಸಾಡುತ್ತಾರೆ. ಬಲಿತ ಗರಿಯಾದರೆ ರಕ್ತ ಬರುವುದಿಲ್ಲ, ನೋವೂ ಅಷ್ಟಿರುವುದಿಲ್ಲ. ‘ಇನ್ನು ಎಲ್ಲೂ ಹೋಗಲ್ಲ ಸಾರ್, ಆರಾಮಾಗಿ ಇಟ್ಕೊಳ್ಳಿ’ ಎಂದು ಅಂಗಡಿಯವನು ಹಕ್ಕಿಯನ್ನು ತೂತುಬಿದ್ದ ರಟ್ಟಿನ ಡಬ್ಬಿಯೊಳಗೆ ತುರುಕಿ ಕೊಡುತ್ತಾನೆ. ನಾವು ದುಡ್ಡು ಕೊಟ್ಟು ತರುತ್ತೇವೆ. ಮಕ್ಕಳು ಕುಣಿದಾಡುತ್ತಾರೆ. ಹೆಸರಿಡುತ್ತೇವೆ. ಆ ಹಕ್ಕಿಯಿಂದ ಏನನ್ನು ಕಿತ್ತುಕೊಂಡೆವು ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅದನ್ನು ಕೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಕೇಳಿದ ಮೇಲೆ ಕತ್ತರಿಯನ್ನು ಕೆಳಗಿಡಿ ಎಂದು ಬೇಡಿಕೊಳ್ಳಲು ಕೂಡ.

ಹಾರುವುದು ಹಕ್ಕಿಗೆ ಹವ್ಯಾಸವಲ್ಲ, ಅದರ ಮೈಯನ್ನು ಕಟ್ಟಿರುವುದೇ ಅದಕ್ಕೆ. ಎದೆಯ ನಡುವೆ ಏಣಿನಂತೆ ಮುಂದಕ್ಕೆ ಚಾಚಿದ ಮೂಳೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ರೆಕ್ಕೆ ಬಡಿಯುವ ದೊಡ್ಡ ಸ್ನಾಯುಗಳು ಅಂಟಿಕೊಂಡಿರುವುದು ಅಲ್ಲಿ. ಇಡೀ ದೇಹದಲ್ಲಿ ಅವುಗಳಿಗಿಂತ ದೊಡ್ಡ ಸ್ನಾಯು ಇನ್ನೊಂದಿಲ್ಲ. ಕೆಲವು ಮೂಳೆಗಳು ಟೊಳ್ಳು, ಅವುಗಳೊಳಗೂ ಗಾಳಿಯಾಡುತ್ತದೆ. ನಮ್ಮ ಶ್ವಾಸಕೋಶ ಉಬ್ಬಿ ಕುಗ್ಗುತ್ತದೆ, ಹಕ್ಕಿಯದು ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಅದರ ಹಿಂದೆ ಮುಂದೆ ಇರುವ ಗಾಳಿಚೀಲಗಳು, ಬಹುಪಾಲು ಜಾತಿಗಳಲ್ಲಿ ಒಂಬತ್ತು, ಕಮ್ಮಾರನ ತಿದಿಯ ಹಾಗೆ ಗಾಳಿಯನ್ನು ಎಳೆದು ಒಂದೇ ದಿಕ್ಕಿನಲ್ಲಿ ಶ್ವಾಸಕೋಶದ ಮೂಲಕ ಹರಿಸುತ್ತವೆ. ಉಸಿರು ಬಿಡುವಾಗಲೂ ಹೊಸ ಗಾಳಿ ಹರಿಯುತ್ತಲೇ ಇರುತ್ತದೆ. ಹಾರಾಟ ಬೇಡುವ ಅಪಾರ ಶಕ್ತಿಗೆ ಬೇಕಾದ ಆಮ್ಲಜನಕ ಒದಗುವುದು ಈ ಏರ್ಪಾಡಿನಿಂದ. ಇಂಥ ದೇಹವನ್ನು ಒಂದು ಕೋಲಿನ ಮೇಲೆ ವರ್ಷಗಟ್ಟಲೆ ಕೂರಿಸಿದರೆ ಎದೆಯ ಸ್ನಾಯು ಕರಗುತ್ತದೆ, ಯಕೃತ್ತಿಗೆ ಕೊಬ್ಬು ತುಂಬುತ್ತದೆ, ರಕ್ತನಾಳಗಳು ಗಡುಸಾಗುತ್ತವೆ. ಹಕ್ಕಿ ದುಂಡಗೆ, ಮುದ್ದಾಗಿ ಕಾಣುತ್ತದೆ. ‘ಚೆನ್ನಾಗಿ ಮೈ ಹಿಡಿದಿದೆ’ ಎಂದು ನಾವು ಸಂತೋಷಪಡುತ್ತೇವೆ.

ಈಗಷ್ಟೇ ಹಾರಲು ಕಲಿಯುತ್ತಿರುವ ಮರಿಯ ಗರಿ ಕತ್ತರಿಸುವುದು ಇದಕ್ಕಿಂತ ಕ್ರೂರ. ಗೂಡು ಬಿಡುವ ಆ ಕೆಲವು ವಾರಗಳಲ್ಲಿ ಮರಿ ದೂರವನ್ನು ಅಳೆಯುವುದು, ತಿರುಗುವುದು, ವೇಗ ತಗ್ಗಿಸಿ ಇಳಿಯುವುದು ಎಲ್ಲವನ್ನೂ ಕಲಿಯಬೇಕು. ಆಗ ಕಲಿಯದೆ ಹೋದ ಮರಿ, ಮುಂದೆ ಗರಿ ಉದುರಿ ಹೊಸದು ಬಂದರೂ ಗೋಡೆಗೆ ಡಿಕ್ಕಿ ಹೊಡೆಯುವ ಅಂಜುಬುರುಕ ಹಕ್ಕಿಯಾಗಿ ಉಳಿಯಬಹುದು. ಬೆದರಿ ಹಾರಲು ಹೋಗಿ ಕಲ್ಲಿನಂತೆ ನೆಲಕ್ಕೆ ಬಿದ್ದು ಎದೆಯ ಮೂಳೆಯ ಮೇಲಿನ ಚರ್ಮ ಸೀಳಿಕೊಂಡ ಹಕ್ಕಿಗಳನ್ನು ಪಶುವೈದ್ಯರು ನೋಡುತ್ತಲೇ ಇರುತ್ತಾರೆ. ಹಾಗೆ ಗಾಯಗೊಂಡ ಹಕ್ಕಿಗೆ ಆಮೇಲೆ ಪಂಜರದ ಬಾಗಿಲು ತೆರೆದಿಟ್ಟರೂ ಹೊರಗೆ ಬರಲು ಧೈರ್ಯವಾಗುವುದಿಲ್ಲ.

‘ಹಾರಿಹೋದರೆ ಕಾಗೆ ಹದ್ದುಗಳ ಪಾಲಾಗುತ್ತದೆ, ಅದರ ಒಳ್ಳೆಯದಕ್ಕೇ ಕತ್ತರಿಸಿದ್ದು’ ಎನ್ನುವವರಿದ್ದಾರೆ. ಈ ಮಾತಿನ ಹಿಂದೆ ನಿಜವಾದ ಕಾಳಜಿಯಿದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅರೆಬರೆ ಕತ್ತರಿಸಿದ ರೆಕ್ಕೆಯ ಹಕ್ಕಿಯೂ ಗಾಳಿ ಬೀಸಿದರೆ ಬಾಲ್ಕನಿಯಿಂದ ತೇಲಿಹೋಗಿ ರಸ್ತೆಯಲ್ಲಿ ಬೀಳುತ್ತದೆ. ಬಿದ್ದ ಮೇಲೆ ಬೆಕ್ಕಿನಿಂದ, ನಾಯಿಯಿಂದ, ಬಸ್ಸಿನ ಗಾಲಿಯಿಂದ ತಪ್ಪಿಸಿಕೊಳ್ಳಲು ಅದಕ್ಕಿದ್ದ ಒಂದೇ ಉಪಾಯವನ್ನು ನಾವೇ ಕಿತ್ತುಕೊಂಡಿರುತ್ತೇವೆ. ಅಪಾಯವಿರುವುದು ಹಕ್ಕಿಯ ರೆಕ್ಕೆಯಲ್ಲಿ ಅಲ್ಲ, ನಮ್ಮ ಮನೆಯಲ್ಲಿ. ಹಾಗಾದರೆ ಬದಲಾಗಬೇಕಾದದ್ದು ಮನೆ. ಹಕ್ಕಿಯನ್ನು ಹೊರಬಿಡುವ ಮೊದಲು ಸೀಲಿಂಗ್ ಫ್ಯಾನ್ ಆರಿಸಿ, ಅದು ಪೂರ್ತಿ ನಿಲ್ಲುವವರೆಗೆ ಕಾಯಿರಿ. ನಮ್ಮ ಊರುಗಳ ಮನೆಗಳಲ್ಲಿ ಹಾರುವ ಹಕ್ಕಿಗೆ ತಿರುಗುವ ಫ್ಯಾನಿನಷ್ಟು ದೊಡ್ಡ ಶತ್ರು ಇಲ್ಲ. ಕಿಟಕಿಗೆ ಜಾಲರಿ ಹಾಕಿಸಿ, ಗಾಜಿಗೆ ಪರದೆ ಎಳೆಯಿರಿ. ಬಕೆಟ್ಟು, ಕಮೋಡು, ಪಾತ್ರೆಗಳನ್ನು ಮುಚ್ಚಿಡಿ. ಒಲೆ ಉರಿಯುವಾಗ ಹಕ್ಕಿ ಅಡುಗೆಮನೆಯ ಕಡೆ ಸುಳಿಯಬಾರದು. ನಿಮ್ಮ ಕೈಮೇಲೆ ಬಂದು ಕೂರುವುದನ್ನು ಮೊದಲು ಒಂದು ಅಡಿ ದೂರದಿಂದ, ಆಮೇಲೆ ಕೋಣೆಯ ಆ ತುದಿಯಿಂದ, ಪ್ರತಿ ಸಲವೂ ಒಂದೆರಡು ಕಾಳು ಕೊಟ್ಟು ಕಲಿಸಿ. ಗಿಣಿಯ ಜಾತಿಯವೇ ಆದ ಬಡ್ಜಿ ಮತ್ತು ಕಾಕಟೀಲ್‌ಗಳು ಇದನ್ನು ಬೇಗ ಕಲಿಯುತ್ತವೆ. ಕರೆದರೆ ಹಾರಿ ಬರುವ ಹಕ್ಕಿಯ ಮುಂದೆ ಕತ್ತರಿಸಿದ ರೆಕ್ಕೆಯ ಭದ್ರತೆ ಏನೇನೂ ಅಲ್ಲ.

‘ಇದು ಪಂಜರದಲ್ಲೇ ಹುಟ್ಟಿದ್ದು, ಆಕಾಶ ಎಂದರೇನು ಎಂದೇ ಗೊತ್ತಿಲ್ಲ’ ಎಂಬ ಮಾತೂ ಕೇಳಿಬರುತ್ತದೆ. ನಮ್ಮ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಹಕ್ಕಿಗಳಲ್ಲಿ ಹೆಚ್ಚಿನವು ಬಡ್ಜಿಗಳು, ಆಸ್ಟ್ರೇಲಿಯಾದ ಒಣ ಒಳನಾಡಿನ ಬಜರಿಗಾರ್‌ಗಳು. ಅಲ್ಲಿ ಅವು ಸಾವಿರಾರು ಹಕ್ಕಿಗಳ ಹಿಂಡು ಕಟ್ಟಿ, ಮಳೆ ಬಿದ್ದ ಕಡೆ, ಹುಲ್ಲು ತೆನೆ ಕಟ್ಟಿದ ಕಡೆ ಅಲೆಯುತ್ತವೆ. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ತಂದ. ಅಂದಿನಿಂದ ಎಷ್ಟೋ ತಲೆಮಾರು ಪಂಜರದಲ್ಲಿ ಹುಟ್ಟಿ ಪಂಜರದಲ್ಲಿ ಸತ್ತಿವೆ. ಬಣ್ಣ ಬದಲಾಗಿದೆ, ಹಳದಿ ಬಂದಿದೆ, ನೀಲಿ ಬಂದಿದೆ, ಬಿಳಿ ಬಂದಿದೆ. ಎದೆಯ ಏಣು ಹಾಗೇ ಇದೆ. ಗಾಳಿಚೀಲಗಳು ಹಾಗೇ ಇವೆ. ಹಿಂಡಿಗಾಗಿ ಹಂಬಲಿಸುವ ಮನಸ್ಸೂ ಹಾಗೇ ಇದೆ. ಪಂಜರದಲ್ಲಿ ಹುಟ್ಟಿದ್ದು ಅದರ ಆಯ್ಕೆಯಾಗಿರಲಿಲ್ಲ.

ಇನ್ನು ನಮ್ಮದೇ ಗಿಣಿಯ ವಿಷಯ. ಇಲ್ಲಿ ನನಗೆ ಮಾತನ್ನು ಮೆತ್ತಗೆ ಮಾಡಲು ಮನಸ್ಸಿಲ್ಲ. ಕೊರಳಲ್ಲಿ ಗುಲಾಬಿ ಪಟ್ಟಿಯಿರುವ ಹಸಿರು ಗಿಣಿಯನ್ನು ಸಾಕುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಂದ ತಿದ್ದುಪಡಿ ದೇಶದ ಕಾಡುಹಕ್ಕಿಗಳ ವ್ಯಾಪಾರವನ್ನು ನಿಷೇಧಿಸಿತು. 2022ರ ತಿದ್ದುಪಡಿ ಈ ಗಿಣಿಯನ್ನು ಎರಡನೇ ಅನುಸೂಚಿಯಲ್ಲಿ ಇರಿಸಿತು. ಆದರೂ ಪೇಟೆಯ ಹಿಂದಿನ ಓಣಿಗಳಲ್ಲಿ, ಜಾತ್ರೆಗಳಲ್ಲಿ, ಫೋನಿನ ಗುಂಪುಗಳಲ್ಲಿ ಮಾರಾಟ ನಡೆದೇ ಇದೆ. ಕೊಳ್ಳುವವರಲ್ಲಿ ಓದಿದವರಿದ್ದಾರೆ, ದೇವರ ಮುಂದೆ ದಿನವೂ ದೀಪ ಹಚ್ಚುವವರಿದ್ದಾರೆ.

ಹಾಗೆ ಮಾರಾಟವಾಗುವ ಗಿಣಿಮರಿ ಎಲ್ಲಿಂದ ಬರುತ್ತದೆಂದು ತಿಳಿಯಿರಿ. ಗಿಣಿಗಳು ಹಳೆಯ ಮರಗಳ ಪೊಟರೆಯಲ್ಲಿ, ಗೋಡೆಯ ಬಿರುಕಿನಲ್ಲಿ ಗೂಡು ಮಾಡುತ್ತವೆ. ಚಳಿಗಾಲ ಮುಗಿಯುವ ಹೊತ್ತಿಗೆ ಮೊಟ್ಟೆಯಿಟ್ಟು, ಬೇಸಿಗೆ ಏರುವಷ್ಟರಲ್ಲಿ ಮರಿ ಬೆಳೆಸುತ್ತವೆ. ಆ ತಿಂಗಳುಗಳಲ್ಲೇ ಮರ ಹತ್ತಿ ಪೊಟರೆಗೆ ಕೈ ಹಾಕುತ್ತಾರೆ. ಕೈ ತೂರದಿದ್ದರೆ ಬಾಯನ್ನು ಕಡಿದು ಅಗಲ ಮಾಡುತ್ತಾರೆ. ಹಾಗೆ ಹಾಳಾದ ಪೊಟರೆಗೆ ಮರುವರ್ಷ ಯಾವ ಜೋಡಿಯೂ ಬರುವುದಿಲ್ಲ. ಕಣ್ಣು ಬಿಟ್ಟೂ ಬಿಡದ, ಗರಿ ಮೂಡದ ಮರಿಗಳನ್ನು ಬುಟ್ಟಿಯಲ್ಲಿ ಒಂದರ ಮೇಲೊಂದು ಒಟ್ಟಿ ಸಾಗಿಸುತ್ತಾರೆ. ದಾರಿಯಲ್ಲಿ ಸಾಯುವವು ಸಾಯುತ್ತವೆ, ಉಳಿದದ್ದು ನಿಮ್ಮ ಮನೆಗೆ ಬರುತ್ತದೆ. ನೀವು ಒಂದು ಗಿಣಿ ಕೊಂಡಾಗ ಬುಟ್ಟಿಯಲ್ಲಿ ಸತ್ತವುಗಳ ಬೆಲೆಯನ್ನೂ ತೆತ್ತು ಮುಂದಿನ ವರ್ಷದ ಬುಟ್ಟಿಗೆ ಮುಂಗಡವನ್ನೂ ಕೊಟ್ಟಿರುತ್ತೀರಿ.

ತಪ್ಪನ್ನು ಹಕ್ಕಿ ಹಿಡಿಯುವವನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸುಲಭ. ಕರ್ನಾಟಕದ ಹಕ್ಕಿಪಿಕ್ಕಿ ಜನರನ್ನು ನೆನೆಯಿರಿ. ತಲೆಮಾರುಗಳಿಂದ ಬಲೆ ಹೂಡಿ ಹಕ್ಕಿ ಹಿಡಿದೇ ಬದುಕಿದವರು. ಕಾಯ್ದೆ ಬಂದಾಗ ಅವರ ಬದುಕೇ ಅಪರಾಧವಾಯಿತು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಂಥ ಊರುಗಳಲ್ಲಿ ನೆಲೆನಿಂತು, ಗಿಡಮೂಲಿಕೆ ಮತ್ತು ಕೇಶತೈಲದ ವ್ಯಾಪಾರ ಹಿಡಿದು, ಅದನ್ನು ಹೊತ್ತು ಆಫ್ರಿಕದವರೆಗೆ ಹೋದರು. 2023ರಲ್ಲಿ ಸೂಡಾನಿನಲ್ಲಿ ಯುದ್ಧ ಹತ್ತಿದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಇವರೂ ಇದ್ದರು. ಇಡೀ ಕಸುಬನ್ನೇ ಬಿಡಿ ಎಂದು ಬಡ ಸಮುದಾಯವೊಂದಕ್ಕೆ ನಾವು ಹೇಳಿದೆವು, ಬಹಳ ಕಷ್ಟಪಟ್ಟು ಅವರಲ್ಲಿ ಎಷ್ಟೋ ಮಂದಿ ಬಿಟ್ಟರು. ಹಜಾರದ ಒಂದು ಮೂಲೆಯ ಅಲಂಕಾರವನ್ನು ಬಿಡಲು ನಮ್ಮಿಂದಾಗಲಿಲ್ಲ. ಕೊಳ್ಳುವವನ ಪಾಪ ಹಿಡಿಯುವವನ ಪಾಪಕ್ಕಿಂತ ದೊಡ್ಡದೆಂದು ನಾನು ನಂಬಿದ್ದೇನೆ. ಅವನಿಗೆ ಹಸಿವಿತ್ತು.

‘ನಮ್ಮ ಗಿಣಿಗೆ ನಾವೆಂದರೆ ಪ್ರಾಣ, ನೋಡಿ ಎಷ್ಟು ಮಾತಾಡುತ್ತದೆ’ ಎಂದು ಹೆಮ್ಮೆಪಡುವವರು ಆ ಮಾತಿಗೊಮ್ಮೆ ಕಿವಿಗೊಡಬೇಕು. ಗಿಣಿಗಳು ಹಿಂಡಿನಲ್ಲಿ ಸದಾ ಒಂದನ್ನೊಂದು ಕೂಗಿ ಕರೆಯುತ್ತಿರುತ್ತವೆ. ‘ಎಲ್ಲಿದ್ದೀ, ನಾನಿಲ್ಲಿದ್ದೇನೆ’ ಎನ್ನುವ ಕೂಗು ಅದು. ಸಂಜೆ ಸಾಲುಮರಗಳ ಮೇಲೆ ಹಿಂಡು ಇಳಿಯುವಾಗಿನ ಗಲಾಟೆಯಲ್ಲಿ ಕೇಳುವುದು ಹೆಚ್ಚಾಗಿ ಇದೇ. ವೆನೆಜುವೆಲಾದ ಪುಟ್ಟ ಗಿಣಿಗಳ ಗೂಡುಗಳಲ್ಲಿ ಕಾರ್ಲ್ ಬರ್ಗ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಪ್ರತಿ ಮರಿಗೂ ಅದರದೇ ಆದ ಒಂದು ಕೂಗಿರುತ್ತದೆ, ಅದನ್ನು ಮರಿ ಕಲಿಯುವುದು ತಂದೆತಾಯಿಯಿಂದ ಎಂದು ಆ ಅಧ್ಯಯನ ತೋರಿಸಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೆತ್ತವರು ಇಟ್ಟ ಹೆಸರು. ಆ ವಯಸ್ಸಿನಲ್ಲೇ ಗೂಡಿನಿಂದ ಕಿತ್ತು ತಂದ ಮರಿಗೆ ಆ ಕೂಗು ಸಿಗುವುದಿಲ್ಲ, ಹಿಂಡೂ ಇರುವುದಿಲ್ಲ. ಇರುವುದು ನೀವೊಬ್ಬರೇ. ಅದು ನಿಮ್ಮ ಸದ್ದನ್ನು ಕಲಿಯುತ್ತದೆ. ನಿಮ್ಮ ಫೋನಿನ ರಿಂಗು, ಕುಕ್ಕರಿನ ಸೀಟಿ, ಅಜ್ಜಿಯ ‘ರಾಮ ರಾಮ’. ನಾವು ಬುದ್ಧಿವಂತಿಕೆ ಎಂದು ಮೆಚ್ಚುವ ಆ ಮಾತಿನಲ್ಲಿ ನನಗೆ ಕೇಳಿಸುವುದು ‘ನನ್ನನ್ನು ನಿಮ್ಮ ಹಿಂಡಿಗೆ ಸೇರಿಸಿಕೊಳ್ಳಿ’ ಎಂಬ ಬೇಡಿಕೆ. ಅಮೆರಿಕದಲ್ಲಿ ಐರಿನ್ ಪೆಪ್ಪರ್‌ಬರ್ಗ್ 1977ರಿಂದ ಮೂವತ್ತು ವರ್ಷ ಜೊತೆಗಿಟ್ಟುಕೊಂಡು ಅಭ್ಯಾಸ ಮಾಡಿದ ಆಫ್ರಿಕನ್ ಗ್ರೇ ಗಿಣಿ ಅಲೆಕ್ಸ್, ವಸ್ತುಗಳ ಬಣ್ಣ, ಆಕಾರ, ಸಂಖ್ಯೆಗಳನ್ನು ಗುರುತಿಸಿ ಹೇಳುತ್ತಿತ್ತು. ಅಂಥ ಮನಸ್ಸಿರುವ ಕುಲದ ಜೀವವನ್ನು ಬೆಳಗಿನಿಂದ ಸಂಜೆವರೆಗೆ ಖಾಲಿ ಮನೆಯಲ್ಲಿ ಒಂಟಿಯಾಗಿ ಬಿಟ್ಟರೆ ಏನಾಗಬೇಕೋ ಅದೇ ಆಗುತ್ತದೆ. ಕಿರುಚುತ್ತದೆ, ಒಂದೇ ಕಡೆ ನಿಂತು ತೂಗಾಡುತ್ತದೆ, ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಂಡು ಮೈ ಬೋಳು ಮಾಡಿಕೊಳ್ಳುತ್ತದೆ. ನಾವು ಅದಕ್ಕೆ ಬಟ್ಟೆ ಹೊದಿಸಿ ಕತ್ತಲು ಮಾಡಿ ಬಾಯಿ ಮುಚ್ಚಿಸುತ್ತೇವೆ.

ಮಾತು ಬಾರದ ಹಕ್ಕಿಯೂ ಹೇಳುತ್ತಲೇ ಇರುತ್ತದೆ, ಮೈಯಿಂದ. ಒಂದು ಕಾಲು ಮಡಿಸಿ, ಕೊಕ್ಕನ್ನು ಮೆಲ್ಲನೆ ಕರಕರ ಮಸೆಯುತ್ತಿದ್ದರೆ ನೆಮ್ಮದಿಯಿಂದ ನಿದ್ದೆಗೆ ಜಾರುತ್ತಿದೆ ಎಂದು ಅರ್ಥ. ಕಾಕಟೀಲಿನ ಜುಟ್ಟು ನೆಟ್ಟಗೆ ನಿಂತರೆ ಬೆಚ್ಚಿದೆ ಅಥವಾ ಕುತೂಹಲಗೊಂಡಿದೆ, ತಲೆಗೆ ಅಂಟಿಕೊಂಡರೆ ಸಿಟ್ಟಿಗೆದ್ದಿದೆ. ಕಚ್ಚುವ ಹಕ್ಕಿ ದುಷ್ಟ ಹಕ್ಕಿಯಲ್ಲ. ಕಚ್ಚುವ ಮೊದಲು ಅದು ಹಿಂದೆ ಸರಿದಿತ್ತು, ಮೈ ಬಿಗಿ ಮಾಡಿತ್ತು, ಬಾಯಿ ತೆರೆದು ಎಚ್ಚರಿಸಿತ್ತು, ನಾವು ನೋಡಲಿಲ್ಲ. ರೆಕ್ಕೆಯಿದ್ದಿದ್ದರೆ ಹಾರಿ ದೂರ ಹೋಗುತ್ತಿತ್ತು. ಕತ್ತರಿಸಿದ ಮೇಲೆ ಅದಕ್ಕೆ ಉಳಿದಿರುವುದು ಕೊಕ್ಕೊಂದೇ.

ಕಾಯಿಲೆಯ ಸುಳಿವನ್ನಂತೂ ಪ್ರತಿಯೊಬ್ಬರೂ ಕಲಿಯಲೇಬೇಕು. ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುತ್ತದೆ. ಹಗಲಲ್ಲೂ ಗರಿ ಉಬ್ಬಿಸಿಕೊಂಡು ಕೂರುವುದು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುವುದು, ಹಿಕ್ಕೆಯ ಬಣ್ಣ ಬದಲಾಗುವುದು, ಪಂಜರದ ತಳದಲ್ಲಿ ಕೂರುವುದು, ಇವುಗಳಲ್ಲಿ ಒಂದು ಕಂಡರೂ ನಾಳೆಗೆ ಕಾಯಬೇಡಿ. ತಳಕ್ಕೆ ಇಳಿದ ಹಕ್ಕಿಗೆ ಗಂಟೆಗಳಷ್ಟೇ ಉಳಿದಿರಬಹುದು. ಹೆಣ್ಣು ಹಕ್ಕಿ ಮೊಟ್ಟೆ ಹೊರಬಾರದೆ ಒದ್ದಾಡುವುದಕ್ಕೆ ಸುಣ್ಣದಂಶದ ಕೊರತೆ ಒಂದು ದೊಡ್ಡ ಕಾರಣ. ಪಂಜರದಲ್ಲಿ ಕಡಲಚಿಪ್ಪಿನ ಸುಣ್ಣದ ತುಂಡು ಇಡುವ ಸಣ್ಣ ಕೆಲಸದಿಂದ, ದಿನಕ್ಕಿಷ್ಟು ಎಳೆಬಿಸಿಲಿನಿಂದ ಎಷ್ಟೋ ಹೆಣ್ಣು ಹಕ್ಕಿಗಳು ಬದುಕುತ್ತವೆ.

ಊಟದಲ್ಲಿ ನಾವು ಮಾಡುವ ಅನ್ಯಾಯಕ್ಕೆ ಪ್ರೀತಿಯ ಹೆಸರಿದೆ. ಬಡ್ಜಿಗೆ ವರ್ಷಪೂರ್ತಿ ನವಣೆ, ಗಿಣಿಗೆ ವರ್ಷಪೂರ್ತಿ ಮೆಣಸಿನಕಾಯಿ ಮತ್ತು ನೆನೆಸಿದ ಕಡಲೆ, ಆಸೆಗೆ ಹಾಲಿನಲ್ಲಿ ಅದ್ದಿದ ಬಿಸ್ಕತ್ತು. ಹಾಲಿನ ಸಕ್ಕರೆಯನ್ನು ಹಕ್ಕಿ ಅರಗಿಸಿಕೊಳ್ಳಲಾರದು. ಮೆಣಸಿನ ಖಾರ ಅದರ ನಾಲಿಗೆಗೆ ತಾಗುವುದೇ ಇಲ್ಲ, ತಿನ್ನಲಿ, ಆದರೆ ಅದೇ ಊಟವಾಗಬಾರದು. ಬರೀ ಕಾಳು ತಿಂದ ಹಕ್ಕಿಗೆ ಎ ಜೀವಸತ್ವದ ಕೊರತೆಯಾಗಿ ಉಸಿರಾಟದ ದಾರಿ ಕೆಡುತ್ತದೆ, ಯಕೃತ್ತು ಕೊಬ್ಬುತ್ತದೆ. ನವಣೆ, ಸಜ್ಜೆ, ರಾಗಿಯ ಜೊತೆಗೆ ದಿನವೂ ಚೆನ್ನಾಗಿ ತೊಳೆದ ಹರಿವೆ, ನುಗ್ಗೆಸೊಪ್ಪು, ಕ್ಯಾರೆಟ್, ಸಿಹಿಗುಂಬಳ ಇರಲಿ. ಮೊದಲು ಮೂಸಿಯೂ ನೋಡದು. ವಾರಗಟ್ಟಲೆ ಇಡುತ್ತಲೇ ಇರಿ, ಅದರ ಎದುರು ನೀವೂ ತಿನ್ನಿ. ಕೊಡಗು ಚಿಕ್ಕಮಗಳೂರಿನ ತೋಟಗಳಿಂದ ಮನೆಮನೆಗೆ ಬರುವ ಬೆಣ್ಣೆಹಣ್ಣು ಮಾತ್ರ ಹಕ್ಕಿಯ ಹತ್ತಿರವೂ ಸುಳಿಯದಿರಲಿ. ಅದರಲ್ಲಿರುವ ಪರ್ಸಿನ್ ಎಂಬ ವಿಷ ಹಕ್ಕಿಯ ಹೃದಯವನ್ನು ಕೆಡಿಸುತ್ತದೆ. ಚಾಕೊಲೇಟು, ಕಾಫಿಯೂ ಬೇಡ.

ಹಕ್ಕಿಯ ಆ ಅದ್ಭುತ ಉಸಿರಾಟದ ಏರ್ಪಾಡೇ ನಮ್ಮ ಮನೆಗಳಲ್ಲಿ ಅದಕ್ಕೆ ಮುಳುವಾಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕವನ್ನು ಅಷ್ಟು ಚೆನ್ನಾಗಿ ಹೀರುವ ದೇಹ ವಿಷವನ್ನೂ ಅಷ್ಟೇ ಚೆನ್ನಾಗಿ ಹೀರುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಂಡಿದ್ದು ವಿಷಾನಿಲ ಮನುಷ್ಯನಿಗಿಂತ ಮೊದಲು ಅದಕ್ಕೆ ತಾಗುತ್ತದೆ ಎಂದೇ. ಅತಿಯಾಗಿ ಕಾದ ನಾನ್‌ಸ್ಟಿಕ್ ತವಾದ ಹೊಗೆಗೆ ಪಕ್ಕದ ಕೋಣೆಯ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು. ಸೊಳ್ಳೆಬತ್ತಿ, ಊದುಬತ್ತಿ, ಕರ್ಪೂರ, ಸಿಗರೇಟು ದಿನದಿನವೂ ಅದನ್ನು ಕೊಲ್ಲುತ್ತವೆ. ಪೂಜೆ ಬಿಡಿ ಎಂದು ಹೇಳುತ್ತಿಲ್ಲ, ದೇವರಕೋಣೆಯಿಂದ ಪಂಜರವನ್ನು ದೂರ ಇಡಿ. ದೀಪಾವಳಿಯ ರಾತ್ರಿಗಳಲ್ಲಿ ಒಳಕೋಣೆಯಲ್ಲಿ, ಸಣ್ಣ ಬೆಳಕು ಬಿಟ್ಟು ಮಲಗಿಸಿ. ಕತ್ತಲಲ್ಲಿ ಬೆಚ್ಚಿದ ಕಾಕಟೀಲ್ ಪಂಜರದ ಸರಳುಗಳಿಗೆ ಬಡಿದುಕೊಂಡು ರೆಕ್ಕೆ ಮುರಿದುಕೊಳ್ಳುತ್ತದೆ. ಮಿಕ್ಕ ದಿನಗಳಲ್ಲಿ ಹತ್ತು ಹನ್ನೆರಡು ಗಂಟೆಯ ನಿದ್ದೆ ಅದರ ಹಕ್ಕು, ನಮ್ಮ ಟೀವಿ ಮುಗಿಯುವವರೆಗೆ ಎಚ್ಚರವಾಗಿರುವುದು ಅದರ ಕರ್ಮವಲ್ಲ.

ಇಷ್ಟನ್ನು ಓದಿ ಮನಸ್ಸು ಕಲಕಿ ಯಾರಾದರೂ ಪಂಜರದ ಬಾಗಿಲು ತೆರೆದು ಹಕ್ಕಿಯನ್ನು ಹೊರಗೆ ಅಟ್ಟಿಬಿಟ್ಟಾರು ಎಂಬ ಭಯ ನನಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಂಗಳೂರಿನ ಆಕಾಶದಲ್ಲಿ ಹಳದಿ ಬಡ್ಜಿಗೆ ಹಿಂಡಿಲ್ಲ, ಅನ್ನ ಹುಡುಕುವ ವಿದ್ಯೆ ಗೊತ್ತಿಲ್ಲ. ಕಾಗೆಗಳ ಕಣ್ಣಿಗೆ ಬಿದ್ದರೆ ಸಂಜೆಯವರೆಗೂ ಬಾಳದು. ಮನೆಯಲ್ಲೇ ಬೆಳೆದ ಗಿಣಿಯೂ ಅಷ್ಟೇ. ಅದನ್ನು ಅರಣ್ಯ ಇಲಾಖೆಗೆ ಅಥವಾ ಅನುಮತಿಯಿರುವ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸಿ. ಅಲ್ಲಿ ಗರಿ ಬೆಳೆದು, ಎದೆಯ ಸ್ನಾಯು ಕೂಡಿ, ಬೇರೆ ಗಿಣಿಗಳ ಜೊತೆ ಬೆರೆತು ಹೋಗಬಲ್ಲವು ಹೋಗುತ್ತವೆ, ಹೋಗಲಾರದವು ಜೊತೆಯವರ ನಡುವೆ ಬದುಕುತ್ತವೆ. ಕೊಟ್ಟು ಬರುವಾಗ ಅಳು ಬರುತ್ತದೆ, ಬರಲಿ. ಪುಣ್ಯಕ್ಕೆಂದು ಪಂಜರದ ಹಕ್ಕಿ ಕೊಂಡು ಬಿಡುಗಡೆ ಮಾಡುವವರಿಗೂ ಒಂದು ಮಾತು. ನೀವು ಬಿಡುವುದಕ್ಕೆಂದೇ ಅವನ್ನು ಹಿಡಿದು ತಂದಿರುತ್ತಾರೆ. ನಿಮ್ಮ ದುಡ್ಡು ನಿಂತರೆ ಆ ಬಲೆ ನಿಲ್ಲುತ್ತದೆ.

ಬಡ್ಜಿ, ಕಾಕಟೀಲ್, ಫಿಂಚ್‌ಗಳನ್ನು ಈಗಾಗಲೇ ಸಾಕಿರುವವರನ್ನು ನಾನು ದೂರುತ್ತಿಲ್ಲ. ನಿಮ್ಮಲ್ಲಿರುವ ಹಕ್ಕಿಗೆ ನೀವೇ ಗತಿ. ಒಂಟಿಯಿದ್ದರೆ ಜೊತೆ ತನ್ನಿ, ಅಂಗಡಿಗಿಂತ ಮೊದಲು ಸಾಕಲಾರದೆ ಕೊಡುವವರನ್ನು ಹುಡುಕಿ. ಕನ್ನಡಿ ಜೊತೆಯಲ್ಲ. ಪಂಜರ ಎತ್ತರಕ್ಕಿಂತ ಅಗಲವಾಗಿರಲಿ, ಒಂದು ಕೊನೆಯಿಂದ ಇನ್ನೊಂದಕ್ಕೆ ರೆಕ್ಕೆ ಬಿಚ್ಚಿ ಹಾರುವಷ್ಟು. ಒಂದೇ ದಪ್ಪದ ಪ್ಲಾಸ್ಟಿಕ್ ಕೋಲು ಅಂಗಾಲಿಗೆ ಹುಣ್ಣು ತರುತ್ತದೆ, ಬೇವಿನ ಅಥವಾ ಸೀಬೆಯ ಅಂಕುಡೊಂಕು ಕೊಂಬೆ ಕಟ್ಟಿ. ಕಚ್ಚಿ ಸೀಳಲು ಏನಾದರೂ ಕೊಡಿ. ದಿನಕ್ಕೆ ಕೆಲವು ಗಂಟೆಯಾದರೂ ಕೋಣೆಯಲ್ಲಿ ಹಾರಲಿ. ಇಷ್ಟು ಕೊಡಲು ಸಮಯ, ಜಾಗ, ಮನಸ್ಸು ಇಲ್ಲದವರು ಹೊಸದಾಗಿ ಹಕ್ಕಿ ತರಲೇಬಾರದು. ಕಾಕಟೀಲ್ ಹದಿನೈದು ವರ್ಷ ಬದುಕಬಲ್ಲದು, ಆಫ್ರಿಕನ್ ಗ್ರೇ ನಲವತ್ತು ದಾಟಬಲ್ಲದು. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಕಟ್ಟುನಿಟ್ಟಿನ ನಿರ್ಬಂಧವಿದೆ. ಅಂಥ ವಿದೇಶಿ ಹಕ್ಕಿ ಮನೆಯಲ್ಲಿದ್ದರೆ 2024ರ ನಿಯಮದಂತೆ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

2015ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಹಕ್ಕಿಗಳಿಗೆ ಆಕಾಶದಲ್ಲಿ ಹಾರುವ ಮೂಲಭೂತ ಹಕ್ಕಿದೆ, ಮನುಷ್ಯನಿಗೆ ಅವನ್ನು ಸಣ್ಣ ಪಂಜರದಲ್ಲಿಡುವ ಹಕ್ಕಿಲ್ಲ ಎಂದಿತು. ಮೈ ಆಡಿಸಲಾಗದಷ್ಟು ಇಕ್ಕಟ್ಟಾದ ಪಂಜರದಲ್ಲಿ ಪ್ರಾಣಿಯನ್ನಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೇ ಕ್ರೌರ್ಯ. ಕಾನೂನಿನ ಮಾತುಗಳು ಇವೆ, ಅವಕ್ಕೆ ಕೈಕಾಲು ಕೊಡಬೇಕಾದವರು ನಾವು. ಗಿಣಿಶಾಸ್ತ್ರದವನ ಮುಂದೆ ಕೂರಬೇಡಿ. ಜಾತ್ರೆಯಲ್ಲಿ ಬಣ್ಣ ಬಳಿದ ಮುನಿಯ ಹಕ್ಕಿಗಳನ್ನು ಮಾರುತ್ತಿದ್ದರೆ ಜಾತ್ರಾ ಸಮಿತಿಯವರನ್ನು ಕರೆದು ತೋರಿಸಿ, ಅರಣ್ಯ ಇಲಾಖೆಗೆ ದೂರು ಕೊಡಿ. ಶಾಲೆಯ ಅಂಗಳದಲ್ಲಿ, ಹೋಟೆಲಿನ ಬಾಗಿಲಲ್ಲಿ ಗಿಣಿಯ ಪಂಜರ ತೂಗುತ್ತಿದ್ದರೆ ಸುಮ್ಮನೆ ದಾಟಿಹೋಗಬೇಡಿ, ಅಲ್ಲಿಯ ಯಜಮಾನರೊಡನೆ ನಿಂತು ಮಾತಾಡಿ. ಹಸು, ಎಮ್ಮೆ, ನಾಯಿಗೆ ಮದ್ದು ಕೊಡುವ ನಮ್ಮ ಜಿಲ್ಲೆಗಳ ಪಶು ಆಸ್ಪತ್ರೆಗಳಲ್ಲಿ ಹಕ್ಕಿಯ ಮೈ ಬಲ್ಲ ವೈದ್ಯರು ಒಬ್ಬರಾದರೂ ಇರಬೇಕು. ಹಕ್ಕಿ ಸಾಕಿರುವ ಮನೆಗಳೆಲ್ಲ ಸೇರಿ ಇದನ್ನು ಬರವಣಿಗೆಯಲ್ಲಿ ಕೇಳಿದರೆ ಇಲಾಖೆ ಬಹಳ ದಿನ ಇಲ್ಲ ಎನ್ನಲಾರದು. ನಿಮ್ಮ ಜಿಲ್ಲೆಯಿಂದ ಆ ಮೊದಲ ಅರ್ಜಿಯನ್ನು ನೀವು ಬರೆಯಿರಿ.